ಕಾರ್ಟ್ ಚಾಸಿಸ್: ಅಮೆರಿಕದ್ದಾ, ಇಟಲಿಯದ್ದಾ?

ಪ್ರಶ್ನೆ: ಅಮೆರಿಕದ ಸೇಂಟ್ ಲೂಯಿಸ್ ಹತ್ತಿರ ಇದ್ದೇವೆ, ಮಗಳಿಗೆ ರೇಸ್ ಓಡಿಸೋಕೆ ಕಾರ್ಟ್ (ಗೋ-ಕಾರ್ಟ್) ಕೊಡಿಸಬೇಕು. ಕಾರ್ಟ್ ಹುಟ್ಟಿದ್ದೇ 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಆದರೂ ದೊಡ್ಡ ರೇಸ್‌ಗಳಲ್ಲಿ ಎಲ್ಲಿ ನೋಡಿದರೂ ಟೋನಿ ಕಾರ್ಟ್, ಬಿರೆಲ್, ಸಿಆರ್‌ಜಿ, ಎಲ್ಲಾ ಇಟಲಿಯ ಬ್ರ್ಯಾಂಡ್‌ಗಳೇ. ಇಲ್ಲಿನ ಚಾಸಿಸ್ (ಕಾರ್ಟ್‌ನ ಫ್ರೇಮ್) ಅಷ್ಟು ಕಳಪೆನಾ?

ಉತ್ತರ 1: ಖಂಡಿತ ಅಲ್ಲ. ಟೂ ಸ್ಟ್ರೋಕ್ ಕ್ಲಾಸ್‌ಗಳಲ್ಲಿ ಇಟಲಿಯವರದ್ದೇ ಜೋರು ನಿಜ, ಆದರೆ ಬ್ರಿಗ್ಸ್ 206 ಅನ್ನೋ ಫೋರ್ ಸ್ಟ್ರೋಕ್ ಎಂಜಿನ್‌ನ ಕ್ಲಾಸ್‌ಗೆ ನಿಮ್ಮೂರಿನ ಮಾರ್ಗೇ ಕಂಪನಿಯ ಚಾಸಿಸ್ ಧಾರಾಳವಾಗಿ ಸಾಕು, 1964ರಿಂದ ಅಲ್ಲೇ ಮಾಡುತ್ತಿದ್ದಾರೆ, ಸ್ಪಿಂಡಲ್ (ಮುಂದಿನ ಚಕ್ರ ಕೂರುವ ಭಾಗ) ಬಾಗಿದರೆ ಹೊಸದಕ್ಕೆ ಸಮುದ್ರದಾಚೆ ನೋಡಬೇಕಿಲ್ಲ.

ಉತ್ತರ 2: ಓವಲ್ ಟ್ರ್ಯಾಕ್ ಮರೀಬೇಡಿ. ಅಲ್ಲಿ ಎಡಕ್ಕೆ ಮಾತ್ರ ತಿರುಗೋದು, ಅದಕ್ಕೇ ಅಂತ ಮಾಡಿದ ಆಫ್‌ಸೆಟ್ (ಎಡಕ್ಕೆ ಸರಿಸಿದ) ಫ್ರೇಮ್‌ಗಳು ಹೆಚ್ಚಾಗಿ ಅಮೆರಿಕದವೇ.

ಉತ್ತರ 3: ಸುಮ್ನೆ ಬ್ರ್ಯಾಂಡ್ ನೋಡಬೇಡಿ. ನಿಮ್ಮ ಟ್ರ್ಯಾಕ್‌ನಲ್ಲಿ ಜಾಸ್ತಿ ಜನ ಓಡಿಸೋದನ್ನೇ ತಗೊಳ್ಳಿ, ಸೆಟಪ್ ಹೇಳಿಕೊಡೋಕೆ ಪಕ್ಕದಲ್ಲೇ ಯಾರಾದರೂ ಇರಬೇಕಲ್ವಾ?