ಚರಂಡಿ ಫೋಟೊ ನೋಡಿದೆ, ಗುರುವಾರ ಊರಿಗೆ ಬಾ

ಪುಟ್ಟಾ, ನಿನ್ನ ಮೆಸೇಜ್ ಈಗ ಓದಿದೆ. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆಯಾಗುತ್ತದೆ, ಅದಕ್ಕೇ ಮಾತಲ್ಲೇ ಹೇಳುತ್ತೇನೆ. ಉದ್ದ ಆದರೆ ಬೈಕೋಬೇಡ. ಗ್ರೂಪಿನಲ್ಲಿರುವ ಉಳಿದವರೂ ಕೇಳಲಿ.

ಅಜ್ಜಿ ಮನೆ ಮುಂದಿನ ಚರಂಡಿ ಉಕ್ಕಿದ ಫೋಟೊ ಹಾಕಿದ್ದೀಯ. ಕೆಳಗೆ "15ನೇ ಹಣಕಾಸು ಆಯೋಗದ ದುಡ್ಡೆಲ್ಲ ನುಂಗಿ ನೀರು ಕುಡಿದರು, ಇನ್ನು ಗುರುವಾರದ ವಾರ್ಡ್ ಸಭೆಗೆ ಯಾಕೆ ಬರಬೇಕು, ಟೀ ಬಿಸ್ಕತ್ತಿಗಾ?" ಅಂತ ಬರೆದಿದ್ದೀಯ. ನಿಮ್ಮಣ್ಣ ಅದಕ್ಕೆ ನಾಲ್ಕು ನಗುವ ಮುಖ ಹಾಕಿದ್ದಾನೆ. ನಗಲಿ ಬಿಡು. ಆ ನೀರು ದಾಟಿಕೊಂಡು ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕಲು ಹೋಗುವವಳು ನಾನು.

ಮೊದಲು ಆ ಚರಂಡಿ ಯಾಕೆ ಹಾಗಾಯಿತು ಅಂತ ಕೇಳು. ನೀನು ಇಲ್ಲಿ ಶಾಲೆಗೆ ಹೋಗುವಾಗ ಅದು ಉಕ್ಕುತ್ತಿರಲಿಲ್ಲ, ನೆನಪಿದೆಯಾ? ಆಗ ಮನೆಗೆ ನಲ್ಲಿ ಇರಲಿಲ್ಲ. ಬಿಂದಿಗೆಯಲ್ಲಿ ಹೊತ್ತು ತಂದ ನೀರನ್ನು ಯಾರೂ ಸುಮ್ನೆ ಚೆಲ್ಲುವುದಿಲ್ಲ. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾಯಿತು. ದಿನಕ್ಕೆ ತಲೆಗೆ 55 ಲೀಟರ್ ಲೆಕ್ಕದಲ್ಲಿ ಮನೆ ಮನೆಗೆ ನಲ್ಲಿ ಅಂತ ಮಾಡಿದರು. ಒಳ್ಳೆಯದೇ. ನನ್ನ ಸೊಂಟ ಉಳಿದಿದ್ದು ಅದರಿಂದಲೇ. ಆದರೆ ಒಳಗೆ ಬಂದ ನೀರು ಹೊರಗೂ ಹೋಗಬೇಕಲ್ವಾ? ಬಚ್ಚಲು ನೀರು ಜಾಸ್ತಿಯಾಯಿತು, ಚರಂಡಿ ಮಾತ್ರ ನಿಮ್ಮ ತಾತನ ಕಾಲದ ಒಂದು ಗೇಣಿನ ಕಾಲುವೆ. ಸಾಲದ್ದಕ್ಕೆ ಹಳೇ ರಸ್ತೆ ಕೀಳದೆ ಅದರ ಮೇಲೇ ಕಾಂಕ್ರೀಟ್ ಸುರಿದರು. ರಸ್ತೆ ಮೇಲೆ ಬಂತು, ಅಜ್ಜಿ ಮನೆ ಕೆಳಗೆ ಹೋಯಿತು. ಆ ರಸ್ತೆ ದುಡ್ಡು ಪಂಚಾಯಿತಿಯದಲ್ಲ, ಬೇರೆ ಅನುದಾನ. ಎಸ್ಟಿಮೇಟಿನಲ್ಲಿ ರಸ್ತೆ ಅಂತ ಮಾತ್ರ ಇತ್ತು, ಕಂಟ್ರಾಕ್ಟರ್ ರಸ್ತೆ ಮಾತ್ರ ಮಾಡಿ ಹೋದ. ನಾವೆಲ್ಲ ಹೊಸ ರಸ್ತೆ ಅಂತ ಈಡುಗಾಯಿ ಒಡೆದೆವು. ನಾನೂ ಒಡೆದೆ.

ಈಗ ನೀನು ಹೇಳಿದ ದುಡ್ಡಿನ ವಿಷಯ. 15ನೇ ಹಣಕಾಸಿನದು ಅಂದರೆ ಕೇಂದ್ರದ ಹಣಕಾಸು ಆಯೋಗ 2026ರ ಮಾರ್ಚ್‌ವರೆಗೆ ಅಂತ ಪಂಚಾಯಿತಿಗಳಿಗೆ ಗೊತ್ತುಮಾಡಿದ ಅನುದಾನ, ಅದು ಮೂಟೆಯಲ್ಲಿ ಬಂದು ಬೀಳುವುದಿಲ್ಲ. ನೂರು ರೂಪಾಯಿ ಬಂದರೆ ಅರವತ್ತು ರೂಪಾಯಿಗೆ ಮೊದಲೇ ಚೀಟಿ ಅಂಟಿಸಿರುತ್ತಾರೆ. ಮೂವತ್ತು ಕುಡಿಯುವ ನೀರಿಗೆ, ಮೂವತ್ತು ನೈರ್ಮಲ್ಯಕ್ಕೆ. ಉಳಿದ ನಲವತ್ತರಲ್ಲಿ ಮಾತ್ರ ಊರಿಗೆ ಏನು ಬೇಕೋ ಅದನ್ನು ಮಾಡಬಹುದು, ಅದರಲ್ಲೂ ಸಂಬಳ ಕೊಡುವ ಹಾಗಿಲ್ಲ. ನಮ್ಮ ಚರಂಡಿ ನೈರ್ಮಲ್ಯದ ಮೂವತ್ತರೊಳಗೇ ಬರುತ್ತದೆ, ಬಚ್ಚಲು ನೀರಿನ ಕೆಲಸ ತಾನೇ? ಅಂದರೆ ದುಡ್ಡಿಗೆ ದಾರಿ ಇದೆ. ಕಾಗದದಲ್ಲಿ ಕೆಲಸದ ಹೆಸರು ಇರಬೇಕು, ಅಷ್ಟೇ.

ಇರು, ಒಂದ್ನಿಮಿಷ. ನೀರು ಬಿಟ್ಟರು ಅನ್ನಿಸುತ್ತದೆ.

ಹಾಂ, ತೊಟ್ಟಿಗೆ ಪೈಪ್ ಹಾಕಿ ಬಂದೆ. ನೀರಿನ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಮೋಟಾರು ಸುಟ್ಟರೆ, ಬೀದಿ ದೀಪದ ಬಲ್ಬು ಹೋದರೆ, ಬ್ಲೀಚಿಂಗ್ ಪೌಡರ್ ಮುಗಿದರೆ ಮೇಲಿನ ಅನುದಾನ ಕಾಯುತ್ತಾ ಕೂರಲು ಆಗುವುದಿಲ್ಲ. ಅಂಥ ಹೊತ್ತಿಗೆ ಕೈಗೆ ಸಿಗುವುದು ಮನೆ ಕಂದಾಯ, ನೀರಿನ ಕಂದಾಯ. ನಮ್ಮ ಮನೆತನದ ಮೂರು ಮನೆಗಳದ್ದು ಬಾಕಿ ಇದೆ. ಯಾರ ಯಾರದು ಅಂತ ಗ್ರೂಪಿನಲ್ಲಿ ಹೇಳುವುದಿಲ್ಲ, ಬಿಲ್ ಕಲೆಕ್ಟರ್ ಬಂದಾಗ ಹಿತ್ತಲ ಬಾಗಿಲಿಂದ ಗದ್ದೆಗೆ ಹೋಗುವವರಿಗೆ ಗೊತ್ತು.

ನುಂಗುವವರೇ ಇಲ್ಲ ಅಂತ ನಾನು ಹೇಳುತ್ತಿಲ್ಲ ಪುಟ್ಟಾ. ಐದು ವರ್ಷ ಒಳಗೆ ಕೂತು ನೋಡಿದ್ದೇನೆ. ಆದರೆ ಈ ಚರಂಡಿ ತಪ್ಪಿದ್ದು ಯಾರೋ ನುಂಗಿದ್ದರಿಂದ ಅಲ್ಲ. ತಪ್ಪಿಸಿದವಳು ನಾನು. ಇವತ್ತಿನವರೆಗೆ ನಿಮ್ಮ ಚಿಕ್ಕಪ್ಪನಿಗೆ ಬಿಟ್ಟು ಯಾರಿಗೂ ಪೂರ್ತಿ ಹೇಳಿಲ್ಲ.

2015ರಲ್ಲಿ ನಾನು ಮಹಿಳಾ ಮೀಸಲಿನಲ್ಲಿ ಗೆದ್ದೆನಲ್ಲ. ವಾರ್ಡ್ ಸಭೆಗೆ ಆ ವಾರ್ಡಿನ ಸದಸ್ಯರೇ ಅಧ್ಯಕ್ಷರು. ಮಾರನೇ ವರ್ಷ ಅರಳಿಕಟ್ಟೆ ಹತ್ತಿರ ಸಭೆ. ಹನ್ನೊಂದು ಗಂಟೆಗೆ ಅಂತ ತಮಟೆ ಹೊಡೆಸಿದ್ದರು. ಹನ್ನೊಂದು ಗಂಟೆಗೆ ಕೂಲಿಗೆ ಹೋಗುವವರು ಯಾರು ಬರುತ್ತಾರೆ ಹೇಳು. ಹತ್ತೊಂಬತ್ತು ಜನ ಇದ್ದರು, ಅದರಲ್ಲಿ ಇಬ್ಬರು ಬಸ್ಸಿಗೆ ಕಾಯುತ್ತಿದ್ದವರು. ಆ ದಿನವೇ ನಮ್ಮ ಬೀದಿಯ ಮೂವರು ಹೆಂಗಸರು ಎದ್ದು ನಿಂತು ಚರಂಡಿ ದೊಡ್ಡದು ಮಾಡಿಸಿ ಅಂದರು. ನಾನು ಖುಷಿಯಿಂದ "ಬರ್ಕೊಳಿ" ಅಂದೆ. ಬರೆಯುತ್ತಿದ್ದವರು ಒಂದು ತುಂಡು ಕಾಗದದಲ್ಲಿ ಗೀಚಿಕೊಂಡು "ಆಮೇಲೆ ಪುಸ್ತಕಕ್ಕೆ ನೀಟಾಗಿ ಇಳಿಸ್ತೀನಿ ಅಕ್ಕ, ನೀವು ಸಹಿ ಮಾಡಿಬಿಡಿ" ಅಂದರು. ಟೀ ಬಂತು. ಟೀ ಜೊತೆಗೇ ಸಭೆಯ ನಡವಳಿ ಬರೆಯುವ ಪುಸ್ತಕವೂ ಸುತ್ತಿತು. ಒಂದೂವರೆ ಪುಟ ಖಾಲಿ ಬಿಟ್ಟು ಕೆಳಗೆ ಎಲ್ಲರ ಸಹಿ, ಕೊನೆಗೆ ನನ್ನದು.

ಎರಡು ತಿಂಗಳಾದ ಮೇಲೆ ಪಂಚಾಯಿತಿ ಸಾಮಾನ್ಯ ಸಭೆಯಲ್ಲಿ ಕ್ರಿಯಾಯೋಜನೆ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿ ಓದಿದರು. ನಮ್ಮ ವಾರ್ಡಿಗೆ ಬಸ್ ಸ್ಟಾಪಿನ ಹತ್ತಿರ ಹೈಮಾಸ್ಟ್ ದೀಪ. ವಾರ್ಡ್ ಸಭೆಯಲ್ಲಿ ಸರ್ವಾನುಮತದಿಂದ ಒಪ್ಪಿದ್ದು ಅಂತ. ನಾನು ಎದ್ದು ಕೂಗಾಡಿದೆ. ಅವರು ಜಗಳವಾಡಲಿಲ್ಲ, ಸುಮ್ನೆ ಪುಸ್ತಕ ನನ್ನ ಕಡೆ ತಿರುಗಿಸಿದರು. "ನಿಮ್ಮದೇ ಸಹಿ ಅಲ್ವಾ ಅಕ್ಕ?" ನನ್ನದೇ. ದೀಪ ಬಂತು, ಇವತ್ತಿಗೂ ಉರಿಯುತ್ತದೆ, ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಇಲ್ಲ. ಹೋಗಿ ಯಾರ ಮೇಲೆ ದೂರು ಕೊಡಲಿ?

ಆ ದಿನ ಮನೆಗೆ ಬಂದು ಅತ್ತೆಯ ಮುಂದೆ ಅತ್ತುಬಿಟ್ಟೆ. ನಿಮ್ಮಜ್ಜಿ ಸಮಾಧಾನ ಮಾಡುವ ಜಾತಿಯಲ್ಲ, ಗೊತ್ತಲ್ವಾ. "ಎಸ್ಸೆಸ್ಸೆಲ್ಸಿ ಓದಿ ಖಾಲಿ ಹಾಳೆಗೆ ಸಹಿ ಹಾಕಿ ಬಂದ್ಯಾ?" ಅಂದರು.

ನಿನಗೆ ಗೊತ್ತಿದೆಯೋ ಇಲ್ಲವೋ, ಅಜ್ಜಿ 1987ರಲ್ಲಿ ಮಂಡಲ ಪಂಚಾಯಿತಿ ಮೆಂಬರ್, ಈಗಿನ ಗ್ರಾಮ ಪಂಚಾಯಿತಿಯ ಹಾಗೆ ಆಗಿನದು. ರಾಮಕೃಷ್ಣ ಹೆಗಡೆಯವರ ಸರ್ಕಾರ, ನಜೀರ್ ಸಾಬ್ ಮಂತ್ರಿ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತಲೇ ಕರೆಯುತ್ತಿದ್ದರು. ಆಗಲೇ ನೂರಕ್ಕೆ ಇಪ್ಪತ್ತೈದು ಸೀಟು ಹೆಂಗಸರಿಗೆ ಇಟ್ಟಿದ್ದರು, ದೇಶಕ್ಕೆಲ್ಲ ಪಂಚಾಯಿತಿಗಳಿಗೆ ಅಂತ ಸಂವಿಧಾನದ 73ನೇ ತಿದ್ದುಪಡಿ ಬರುವ ಮುಂಚೆಯೇ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಇಂಕ್ ಪ್ಯಾಡ್ ಮುಂದೆ ಇಟ್ಟರೆ ಸೆರಗಿನೊಳಗೆ ಕೈ ಮುಚ್ಚಿಕೊಂಡು "ಏನು ಬರೆದಿದ್ದೀಯ ಓದಪ್ಪ" ಅನ್ನುತ್ತಿದ್ದರಂತೆ. ಓದಿಸಿ, ಪಕ್ಕದವರ ಕೈಲಿ ಇನ್ನೊಂದು ಸಲ ಓದಿಸಿ, ಆಮೇಲೆ ಹೆಬ್ಬೆಟ್ಟು. ಅದನ್ನೂ ಕಡೇ ಸಾಲಿಗೆ ಅಂಟಿಸಿದ ಹಾಗೆ ಒತ್ತುತ್ತಿದ್ದರು, ನಡುವೆ ಒಂದು ಅಕ್ಷರ ತೂರಿಸಲು ಜಾಗ ಇರಬಾರದು. ನಾನು ಮೈಸೂರಿನಲ್ಲಿರುವ, ಅವರದೇ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯವರ ತರಬೇತಿಗೆ ಹೋಗಿದ್ದೇನೆ, ತಾಲ್ಲೂಕು ಪಂಚಾಯಿತಿ ಹಾಲಿನಲ್ಲಿ ಟಿವಿ ಮುಂದೆ ಕೂರಿಸಿ ಸ್ಯಾಟ್‌ಕಾಂ, ಅಂದರೆ ಉಪಗ್ರಹದ ಮೂಲಕ ಪಾಠ ಮಾಡಿದರು. ಹಕ್ಕು, ಕಲಂ, ಸ್ಥಾಯಿ ಸಮಿತಿ ಎಲ್ಲ ಹೇಳಿಕೊಟ್ಟರು. ಹೆಬ್ಬೆಟ್ಟು ಎಲ್ಲಿ ಒತ್ತಬೇಕು ಅನ್ನುವುದನ್ನು ಮಾತ್ರ ಕಲಿತದ್ದು ಮನೆ ಜಗಲಿಯಲ್ಲಿ.

ಆಮೇಲಿನ ಸಭೆಗಳಲ್ಲಿ ನಾನು ಹಾಗೇ ಮಾಡಿದೆ. ನಡವಳಿ ಬರೆದು, ಓದಿ ಹೇಳಿ, ಆಮೇಲೆ ಟೀ. ಟೀ ಆರಿಹೋಗುತ್ತದೆ ಅಂತ ಜನ ಗೊಣಗಿದರು. ಶಾಲೆ ಶೌಚಾಲಯ, ಕೆಳಗಿನ ಬೀದಿಯ ಪೈಪ್‌ಲೈನ್ ಎಲ್ಲ ಹಾಗೆ ಬಂದವು. ಚರಂಡಿಯ ಸರದಿ ಬರುವ ಹೊತ್ತಿಗೆ 2020 ಬಂತು, ಕೊರೊನಾ ಬಂತು, ನಮ್ಮ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಚುನಾವಣೆ ಆಗಿದ್ದು ಡಿಸೆಂಬರಿಗೆ. ನಾನು ನಿಲ್ಲಲಿಲ್ಲ, ಮಂಡಿ ನೋವು.

ಈಗ ಗುರುವಾರಕ್ಕೆ ನೀನು ಯಾಕೆ ಬೇಕು ಅಂತ ಹೇಳುತ್ತೇನೆ. ನಿನ್ನ ವೋಟು ಇನ್ನೂ ಇಲ್ಲೇ ಇದೆ, ಬೆಂಗಳೂರಿಗೆ ಹಾಕಿಸಿಕೊಂಡಿಲ್ಲ ಅಲ್ವಾ? ವಾರ್ಡಿನ ಮತದಾರ ಅಂದರೆ ಸಭೆಯಲ್ಲಿ ಮಾತಾಡುವ ಹಕ್ಕು ಇದೆ. ಬರುವ ಮುಂಚೆ ನಿನ್ನ ಕೈಲಾಗುವ ಒಂದು ಕೆಲಸ ಮಾಡು. ಇ-ಗ್ರಾಮ್ ಸ್ವರಾಜ್ ಅಂತ ಕೇಂದ್ರದವರ ವೆಬ್‌ಸೈಟ್ ಇದೆ. ನಮ್ಮ ಪಂಚಾಯಿತಿ ಹುಡುಕಿ ಈ ವರ್ಷದ ಯೋಜನೆಯಲ್ಲಿ ಏನೇನು ಕೆಲಸ ಇದೆ ನೋಡು. ಪಾಸ್‌ವರ್ಡ್ ಏನೂ ಬೇಡ, ಯಾರು ಬೇಕಾದರೂ ನೋಡಬಹುದು. ನನ್ನ ಫೋನಿನಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ. ನಮ್ಮ ಬೀದಿ ಹೆಸರು ಇದೆಯಾ ಅಂತ ನೋಡಿ ಪ್ರಿಂಟ್ ತೆಗೆದುಕೊಂಡು ಬಾ.

ಆಮೇಲೆ ಒಂದು ಅರ್ಜಿ ಬರಿ, ಎರಡು ಪ್ರತಿ. "ಚರಂಡಿ ಸರಿ ಮಾಡಿಸಿ" ಅಂತ ಬರೆಯಬೇಡ, ಅದಕ್ಕೆ ಮೂರು ದಿನಕ್ಕೆ ಹೂಳು ತೆಗೆಸಿ ಆಯಿತು ಅನ್ನುತ್ತಾರೆ. ಅಜ್ಜಿ ಮನೆಯಿಂದ ಹಳ್ಳದ ಮೋರಿವರೆಗೆ ಹೊಸ ಚರಂಡಿ ಅಂತ ಬರಿ. ಬೆಳಿಗ್ಗೆ ಬೇಗ ಬಂದರೆ ಇಬ್ಬರೂ ಟೇಪ್ ಹಿಡಿದು ಉದ್ದ ಅಳೆಯೋಣ. ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ನಾವು ಇಟ್ಟುಕೊಳ್ಳಬೇಕು. ಸಭೆಯಲ್ಲಿ ನಾನು ಎದ್ದು ಹೇಳುತ್ತೇನೆ, ನೀನು ಬರೆಯುವವರ ಪಕ್ಕದಲ್ಲೇ ಕೂತಿರು. ಜಗಳ ಬೇಡ, ಫೋನ್ ಎತ್ತಿ ವಿಡಿಯೋ ಮಾಡುವುದೂ ಬೇಡ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹೊಸಬರು, ಹುಡುಗಿ, ಎರಡು ಪಂಚಾಯಿತಿ ಚಾರ್ಜು ಹೊತ್ತುಕೊಂಡು ಓಡಾಡುತ್ತಿದ್ದಾಳೆ. ಮರ್ಯಾದೆಯಿಂದ "ಮೇಡಂ, ಓದಿಬಿಡಿ, ಸಹಿ ಮಾಡುತ್ತೇವೆ" ಅನ್ನು, ಅಷ್ಟು ಸಾಕು.

ಅಜ್ಜಿ ಮನೆ ಖಾತೆ ವಿಷಯ ಬೇರೆ ಕೇಳಿದ್ದೀಯ, ಚಿಕ್ಕದಾಗಿ ಹೇಳುತ್ತೇನೆ. ಅದು ಇನ್ನೂ ತಾತನ ಹೆಸರಿನಲ್ಲೇ ಇದೆ. ಇ-ಸ್ವತ್ತು ಅನ್ನುವ ಪಂಚಾಯಿತಿ ಆಸ್ತಿ ದಾಖಲೆಯ ಕಂಪ್ಯೂಟರ್ ವ್ಯವಸ್ಥೆಯಲ್ಲಿ ನಮೂನೆ 9, ಅಂದರೆ ಖಾತೆ ಪತ್ರ ಬೇಕು ಅಂದರೆ ಮೊದಲು ಹೆಸರು ಬದಲಾಗಬೇಕು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಕಂದಾಯ ಕಟ್ಟಿದ ರಸೀದಿ ಬೇಕು. ಕಂದಾಯ ನಾನು ಕಟ್ಟಿದ್ದೇನೆ. ವಂಶವೃಕ್ಷದಲ್ಲಿ ಬರುವ ಆರು ಜನರೂ ಈ ಗ್ರೂಪಿನಲ್ಲೇ ಇದ್ದಾರೆ, ದಿನಾ ಗುಡ್ ಮಾರ್ನಿಂಗ್ ಹೂವು ಹಾಕುತ್ತಾರೆ. ಒಂದು ದಿನ ಒಟ್ಟಿಗೆ ಕೂತು ಒಪ್ಪಿಗೆ ಕೊಟ್ಟರೆ ಮುಗಿಯಿತು, ಅದಕ್ಕೆ ಪಂಚಾಯಿತಿಯನ್ನು ಬೈದು ಏನು ಬಂತು?

ಸರಿ, ತೊಟ್ಟಿ ತುಂಬಿ ಹರಿಯುತ್ತಿದೆ, ಆ ನೀರೂ ಅದೇ ಚರಂಡಿಗೆ. ಬುಧವಾರ ರಾತ್ರಿಯೇ ಬಂದುಬಿಡು, ಕಡೇ ಬಸ್ಸಿಗೆ. ಅಜ್ಜಿಯನ್ನೂ ಕರೆದುಕೊಂಡು ಹೋಗೋಣ, ಕುರ್ಚಿ ನಾನು ಹೊರುತ್ತೇನೆ. ನೀನು ಒಂದು ಒಳ್ಳೆ ಪೆನ್ನು ತಾ. ಅಲ್ಲಿ ದಾರ ಕಟ್ಟಿ ಇಟ್ಟಿರುವ ಪೆನ್ನು ಯಾವತ್ತೂ ಬರೆಯುವುದಿಲ್ಲ.