ಜೊತೆಯ ಹಸು ಮಾರಿದ ಮೇಲೆ ಕೆಂಪಿ ಮೇವು ಬಿಟ್ಟಿದೆ: ಕೊರಗಾ, ಕಾಯಿಲೆಯಾ?

ಪ್ರಶ್ನೆ (ಮದ್ದೂರು ಕಡೆಯ ರೈತ): ಮೇಡಂ ನಮಸ್ಕಾರ. ನಮ್ಮಲ್ಲಿ ಎರಡು ಜರ್ಸಿ ಕ್ರಾಸ್ ಹಸು ಇದ್ದವು, ಕೆಂಪಿ ಮತ್ತು ಚುಕ್ಕಿ. ಆರು ವರ್ಷದಿಂದ ಅಕ್ಕಪಕ್ಕದ ಗೂಟ. ತಂಗಿ ಮದುವೆ ಖರ್ಚಿಗೆ ಅಂತ ಹೋದ ಭಾನುವಾರ ಚುಕ್ಕಿಯನ್ನು ಕೊಟ್ಟುಬಿಟ್ಟೆವು. ಟೆಂಪೋ ಹೋದ ದಿಕ್ಕಿಗೇ ಮುಖ ಮಾಡಿ ಕೆಂಪಿ ಕೂಗುತ್ತದೆ. ಬೂಸಾ, ಹಿಂಡಿ ಮೂಸಿ ಬಿಡುತ್ತದೆ. ಬೆಳಗ್ಗೆ ಆರು ಲೀಟರ್ ಕೊಡುತ್ತಿದ್ದದ್ದು ನಾಲ್ಕಕ್ಕೆ ಇಳಿದಿದೆ. ಅವ್ವ "ಕೊರಗು ಕಣೋ, ಕಣ್ಣಲ್ಲಿ ನೀರು ನೋಡು" ಅನ್ನುತ್ತಾಳೆ. ತಮ್ಮ "ದನಕ್ಕೇನು ಗೊತ್ತಾಗುತ್ತೆ" ಅಂತ ನಗುತ್ತಾನೆ. ಯಾರ ಮಾತು ಸರಿ?

ಪಶುವೈದ್ಯೆ (ಮೈಸೂರು): ಅವ್ವ, ತಮ್ಮ ಇಬ್ಬರನ್ನೂ ಸ್ವಲ್ಪ ಪಕ್ಕಕ್ಕಿಡಿ. ಮೊದಲು ಥರ್ಮಾಮೀಟರ್ ತನ್ನಿ. ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಒಳಗಿದೆಯಾ? ಮೆಲುಕು ಹಾಕುತ್ತಿದೆಯಾ? ಸಗಣಿ ಹೇಗಿದೆ? ಕೆಚ್ಚಲು ಎಲ್ಲಾದರೂ ಗಟ್ಟಿ, ಬಿಸಿ ಇದೆಯಾ? ಇನ್ನೊಂದು, ಗಬ್ಬ ಇದೆಯಾ? ಬೆದೆಗೆ ಬಂದ ಹಸುವೂ ಹೀಗೇ ಕೂಗುತ್ತದೆ, ಹಾಲು ಕಮ್ಮಿ ಮಾಡುತ್ತದೆ. ಕರು ಸತ್ತ ಕೊರಗು ಅಂದುಕೊಂಡು ನಾಲ್ಕು ದಿನ ಕಾದಿದ್ದ ಒಂದು ಮನೆಗೆ ಹೋಗಿದ್ದೆ. ಹಸುವಿನ ಹೊಟ್ಟೆಯಲ್ಲಿ ತಂತಿ ಚುಚ್ಚಿಕೊಂಡಿತ್ತು.

ರೈತ: 101.4 ಇದೆ ಮೇಡಂ. ಸಗಣಿ, ಕೆಚ್ಚಲು ಸರಿಯಿದೆ. ನಾಲ್ಕು ತಿಂಗಳ ಗಬ್ಬ. ಮೆಲುಕು ಸ್ವಲ್ಪ ಕಮ್ಮಿ.

ಪಶುವೈದ್ಯೆ: ಹಾಗಾದರೆ ಅವ್ವನ ಮಾತಿಗೆ ಮುಕ್ಕಾಲು ಅಂಕ ಕೊಡುತ್ತೇನೆ. ದನ ಗುಂಪಿನ ಪ್ರಾಣಿ. ಗುಂಪಿನಲ್ಲೂ ಅದಕ್ಕೆ ಬೇಕಾದವರು, ಬೇಡದವರು ಇರುತ್ತಾರೆ. ಇಂಗ್ಲೆಂಡಿನ ನಾರ್ತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಹಸುಗಳ ಎದೆಬಡಿತ ಅಳೆದು ನೋಡಿದ್ದಾರೆ. ಇಷ್ಟದ ಜೊತೆಗಾತಿಯ ಪಕ್ಕ ಕಟ್ಟಿದಾಗ ಬಡಿತ ಕಮ್ಮಿ, ಗುರುತಿಲ್ಲದ ಹಸುವಿನ ಪಕ್ಕ ಕಟ್ಟಿದಾಗ ಜಾಸ್ತಿ. ಆರು ವರ್ಷ ಒಂದೇ ಗೋದಲಿಯಲ್ಲಿ ತಿಂದದ್ದು ಸುಮ್ನೆ ಅಲ್ಲ.

ಕೂಗನ್ನೂ ಗಮನಿಸಿ. ಕರು ಹತ್ತಿರವಿದ್ದಾಗ ತಾಯಿ ಬಾಯಿ ಮುಚ್ಚಿಕೊಂಡೇ ಮೆಲ್ಲಗೆ "ಹ್ಞೂಂ" ಅನ್ನುತ್ತದಲ್ವಾ, ಅದು ತಗ್ಗಿನ ದನಿ. ದೂರವಾದಾಗ ಬಾಯಿ ತೆರೆದು ಎತ್ತರದ ದನಿಯಲ್ಲಿ ಕರೆಯುತ್ತದೆ. ಕೆಂಪಿಯದು ಎರಡನೆಯದೇ ಇರಬೇಕು.

ಮುಕ್ಕಾಲೇ ಯಾಕೆ ಅಂದರೆ, ಆ ಕಣ್ಣೀರು. ದುಃಖಕ್ಕೆ ದನ ನಮ್ಮ ಹಾಗೆ ಕಣ್ಣೀರು ಹಾಕುತ್ತದೆ ಅಂತ ನಾನು ಒಪ್ಪುವುದಿಲ್ಲ. ನೊಣ, ದೂಳು, ಕೆಲವು ಸಲ ಕಣ್ಣಿನ ಹುಳ, ಇವೇ ಕಾರಣ. ಟಾರ್ಚ್ ಹಾಕಿ ನೋಡಿ. ಭಯ, ಸಿಟ್ಟು ಇದ್ದರೆ ಕಣ್ಣಿನ ಬಿಳಿ ಭಾಗ ಜಾಸ್ತಿ ಕಾಣುತ್ತದೆ, ನೋಡಬೇಕಾದ್ದು ಅದನ್ನು.

ಈಗ ಮಾಡಬೇಕಾದ್ದು: ಒಂಟಿಯಾಗಿ ಬಿಡಬೇಡಿ. ಪಕ್ಕದ ಮನೆಯ ಕಡಸನ್ನು ಕಣ್ಣಿಗೆ ಕಾಣುವ ಹಾಗೆ ಕಟ್ಟಿಸಿ. ಹಾಲು ಕರೆಯುವವರು, ಹೊತ್ತು, ಎರಡೂ ಬದಲಾಗಬಾರದು. ಗಂಗೆದೊಗಲು ಕೆರೆಯಿರಿ, ನಿಧಾನವಾಗಿ. ಹಸುಗಳು ಒಂದನ್ನೊಂದು ನೆಕ್ಕುವುದೂ ಹೆಚ್ಚಾಗಿ ತಲೆ, ಕತ್ತಿನ ಭಾಗವನ್ನೇ. ಮೆಲುಕು ಪೂರ್ತಿ ನಿಂತರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಫೋನ್ ಮಾಡಿ.

ಪ್ರಶ್ನೆ (ಶ್ರೀರಂಗಪಟ್ಟಣದ ಗೃಹಿಣಿ): ನಮ್ಮ ಹಸು ನಾನು ಕೂತರೆ ಹಾಲು ಇಳಿಸುತ್ತದೆ, ನಮ್ಮ ಯಜಮಾನ್ರು ಕೂತರೆ ಬಿಗಿ ಹಿಡಿಯುತ್ತದೆ. ಹೋದ ದೀಪಾವಳಿಯಲ್ಲಿ ಒದ್ದಿತು ಅಂತ ಅವರು ಕೋಲಿನಲ್ಲಿ ಬಾರಿಸಿದ್ದರು. ಅದು ಇನ್ನೂ ನೆನಪಿದೆಯಾ?

ಪಶುವೈದ್ಯೆ: ಇದೆ. ದನ ಜನರನ್ನು ಗುರುತಿಟ್ಟುಕೊಳ್ಳುತ್ತದೆ. ಹೊಡೆದವರು, ಮೇವು ಕೊಟ್ಟವರು ಬೇರೆ ಬೇರೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಮೊಲೆ ಮುಟ್ಟಿದಾಗ ಮಿದುಳಿನಿಂದ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಇಳಿದರೇನೇ ಕೆಚ್ಚಲಿನಿಂದ ಹಾಲು ಕೆಳಗೆ ಬರುವುದು. ಹೆದರಿದಾಗ ಬರುವ ಅಡ್ರಿನಲಿನ್ ಅನ್ನೋ ಇನ್ನೊಂದು ಹಾರ್ಮೋನು ಅದನ್ನು ತಡೆಯುತ್ತದೆ. ಹಾಲು ಒಳಗೇ ಉಳಿಯುತ್ತದೆ. ಹಸು ಹಟ ಮಾಡುತ್ತಿಲ್ಲ, ಅದರ ಕೈಯಲ್ಲೂ ಇಲ್ಲ. ಯಜಮಾನರು ಒಂದಷ್ಟು ದಿನ ಹಾಲು ಕರೆಯದೆ ಬರೀ ಹಿಂಡಿ ಇಡಲಿ, ಎದುರಿನಿಂದ ಬಂದು, ಮಾತಾಡಿಸಿಕೊಂಡು. ಹಿಂದಿನಿಂದ ಬಂದರೆ ಅದಕ್ಕೆ ಕಾಣುವುದಿಲ್ಲ. ಹಾಲಿಳಿಸಲು ಇಂಜೆಕ್ಷನ್ ಕೊಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆರೋಗ್ಯ ಕೆಡಿಸುವ ಅಂಥ ಚುಚ್ಚುಮದ್ದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಒಪ್ಪುವುದಿಲ್ಲ.

ಪ್ರಶ್ನೆ (ಮೈಸೂರಿನ ಕಾಲೇಜು ವಿದ್ಯಾರ್ಥಿ): ಅಜ್ಜಿ ಮನೆ ಹಸು ಮೂತಿಯಿಂದ ಕೊಟ್ಟಿಗೆಯ ಅಗುಳಿ ತೆಗೆಯುತ್ತದೆ. ಇದು ಬುದ್ಧಿಯಾ, ಅಭ್ಯಾಸವಾ?

ಪಶುವೈದ್ಯೆ: ಎರಡೂ. ಕೇಂಬ್ರಿಡ್ಜಿನಲ್ಲಿ ವಿಜ್ಞಾನಿ ಡೊನಾಲ್ಡ್ ಬ್ರೂಮ್ ಮತ್ತು ಜೊತೆಗಾರ್ತಿ ಕಡಸುಗಳಿಗೆ ಹಲಗೆ ಒತ್ತಿ ಗೇಟು ತೆಗೆಯುವುದನ್ನು ಕಲಿಸಿದರು. 2004ರಲ್ಲಿ ಪ್ರಕಟವಾಯಿತು. ಕಲಿತ ಹೊತ್ತಿಗೆ ಅವುಗಳ ಎದೆಬಡಿತ ಏರಿತು, ಮೇವಿನ ಕಡೆಗೆ ಹೋಗುವಾಗ ಕೆಲವು ಕುಣಿದಾಡಿದವು. 2021ರಲ್ಲಿ ಜರ್ಮನಿಯಲ್ಲಿ 16 ಕರುಗಳಿಗೆ ಒಂದೇ ಜಾಗದಲ್ಲಿ ಗಂಜಲ ಹುಯ್ಯುವುದನ್ನು ಕಲಿಸಿದರು, 11 ಕಲಿತವು. ನಮ್ಮ ಕೊಟ್ಟಿಗೆಗೂ ಅಂಥ ಮೇಷ್ಟ್ರು ಬೇಕಿತ್ತು! ಅಜ್ಜಿಗೆ ಹೇಳಿ, ಅಗುಳಿಗೆ ಒಂದು ಕೊಂಡಿ ಜಾಸ್ತಿ ಹಾಕಿಸಲಿ.

ಒಬ್ಬ ಹಿರಿಯರು (ಮಂಡ್ಯ): ಡಾಕ್ಟ್ರೇ, ಮೈಷುಗರ್ ಕಾರ್ಖಾನೆಗೆ ನಾವು ಗಾಡಿಯಲ್ಲಿ ಕಬ್ಬು ಹೊಡೆದವರು. ವಾಪಸ್ ಬರುವಾಗ ಗಾಡಿಯಲ್ಲೇ ಮಲಗಿಬಿಡುತ್ತಿದ್ದೆವು. ಹಳ್ಳಿಕಾರ್ ಜೋಡಿ ತಾನಾಗೇ ತಿರುವು ತಿರುಗಿ ಮನೆ ಮುಂದೆ ನಿಲ್ಲುತ್ತಿತ್ತು. ಎಡದ ಎತ್ತನ್ನು ಬಲಕ್ಕೆ ಕಟ್ಟಿದರೆ ಮಾತ್ರ ಹೆಜ್ಜೆ ಇಡುತ್ತಿರಲಿಲ್ಲ.

ರೈತ (ಐದು ದಿನದ ಮೇಲೆ): ಮೇಡಂ, ಕೂಗು ನಿಂತಿದೆ. ಹಾಲು ಐದು ಲೀಟರ್. ಕಣ್ಣಿಗೆ ನೊಣವೇ ಕಾರಣ, ಅವ್ವನಿಗೆ ಇನ್ನೂ ಹೇಳಿಲ್ಲ. ಆದರೆ ಕಡಸನ್ನು ಚುಕ್ಕಿಯ ಗೂಟಕ್ಕೆ ಕಟ್ಟಿದರೆ ಕೆಂಪಿ ಹಾಯುತ್ತದೆ. ಎದುರು ಗೂಟದಲ್ಲಿದ್ದರೆ ಏನೂ ಮಾಡುವುದಿಲ್ಲ.

ಪಶುವೈದ್ಯೆ: ಎದುರು ಗೂಟದಲ್ಲೇ ಇರಲಿ ಬಿಡಿ.