ಉತ್ತರ ಗೊತ್ತಿದ್ದರೂ ಮಗಳು ಕ್ಲಾಸಲ್ಲಿ ಕೈ ಎತ್ತಲ್ಲ, ಏನು ಮಾಡೋದು?

ಪ್ರಶ್ನೆ (ಒಬ್ಬ ಅಮ್ಮ):
ಮಗಳು ಒಂಬತ್ತನೇ ಕ್ಲಾಸು. ಮನೆಯಲ್ಲಿ ಲೆಕ್ಕ ಪಟಪಟ ಅಂತ ಬಿಡಿಸುತ್ತಾಳೆ. ಕ್ಲಾಸಲ್ಲಿ ಮಾತ್ರ ತುಟಿ ಬಿಚ್ಚಲ್ಲ. ಕೈ ಎತ್ತಿದರೆ ಫ್ರೆಂಡ್ಸ್ ಎಲ್ಲ "ಓಹೋ, ಶುರುವಾಯ್ತು ಇವಳದ್ದು" ಅಂತಾರಂತೆ. ಮೊದಮೊದಲು ಗೊತ್ತಿಲ್ಲ ಅಂತ ಸುಮ್ನೆ ನಾಟಕ ಮಾಡುತ್ತಿದ್ದಳು. ಈಗ ನಿಜವಾಗಿಯೂ "ನಂಗೆ ಲೆಕ್ಕ ತಲೆಗೆ ಹತ್ತಲ್ಲಮ್ಮ" ಅನ್ನುತ್ತಾಳೆ. ಆ ಗುಂಪಿನ ಸಹವಾಸ ಬಿಡು ಅಂತ ಹೇಳಲಾ?

ಉತ್ತರ (ಗಣಿತದ ಟೀಚರ್):
ಹಾಗೆ ಮಾತ್ರ ಹೇಳಬೇಡಿ. ಈ ವಯಸ್ಸಲ್ಲಿ ಗೆಳತಿಯರನ್ನು ಬಿಡು ಅಂದರೆ, ಅವರನ್ನಲ್ಲ, ನಮ್ಮ ಹತ್ತಿರ ಮಾತಾಡೋದನ್ನ ಬಿಡುತ್ತಾರೆ.

ಸಾಲಮನ್ ಆಶ್ ಅನ್ನೋ ಮನಶ್ಶಾಸ್ತ್ರಜ್ಞರ ಪ್ರಯೋಗ ಒಂದಿದೆ, 1951ರದ್ದು. ಗೆರೆಗಳ ಉದ್ದ ಹೋಲಿಸಿ ಹೇಳೋದು, ಅಷ್ಟೇ. ಒಬ್ಬರೇ ಇದ್ದಾಗ ಯಾರೂ ತಪ್ಪುತ್ತಿರಲಿಲ್ಲ ಅಂತಲೇ ಹೇಳಬಹುದು. ಜೊತೆಗಿದ್ದವರೆಲ್ಲ ಮೊದಲೇ ಮಾತಾಡಿಕೊಂಡು ಬೇಕಂತಲೇ ತಪ್ಪು ಹೇಳಿದಾಗ, ಸುಮಾರು ಮೂರರಲ್ಲಿ ಒಂದು ಸಲ ಇವರೂ ಅದಕ್ಕೇ ಹೂಂಗುಟ್ಟಿದರು. ಇವರೆಲ್ಲ ಕಾಲೇಜು ಹುಡುಗರು, ನಿಮ್ಮ ಮಗಳಿಗಿಂತ ದೊಡ್ಡವರು! ಆದರೆ ಗುಂಪಲ್ಲಿ ಇನ್ನೊಬ್ಬ ಸರಿಯಾಗಿ ಹೇಳಿದರೆ ಸಾಕು, ಹೂಂಗುಟ್ಟೋದು ತೀರಾ ಕಮ್ಮಿಯಾಗುತ್ತಿತ್ತು. ಹೇಳುವ ಬದಲು ಬರೆದುಕೊಡಿ ಅಂದಾಗಲೂ ಅಷ್ಟೇ.

ಅದಕ್ಕೇ ನಾನು ಕೈ ಎತ್ತಿಸಲ್ಲ. ಎಲ್ಲರೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಉತ್ತರ ಬರೆಯಬೇಕು. ನಾನು ಬೆಂಚುಗಳ ಮಧ್ಯೆ ಓಡಾಡುತ್ತೇನೆ. ಅಂಗೈ ಮರೆ ಮಾಡಿಕೊಂಡು ಬರೆಯೋ ಮಕ್ಕಳಿರುತ್ತಾರಲ್ಲ, ಅವರದ್ದು ಎಷ್ಟೋ ಸಲ ಸರಿಯಿರುತ್ತೆ. ಸಣ್ಣದೊಂದು ಟಿಕ್ ಹಾಕಿ ಮುಂದೆ ಹೋಗುತ್ತೇನೆ. "ಇವಳನ್ನ ನೋಡಿ ಕಲೀರಿ" ಅಂದೆವೋ, ಕೆಲಸ ಕೆಟ್ಟಿತು. ಅವಳ ಟೀಚರ್ ಹತ್ತಿರ ಈ ಬಗ್ಗೆ ಮಾತಾಡಿ ನೋಡಿ.

ಉತ್ತರ (ಡಿಗ್ರಿ ಓದುತ್ತಿರುವವನು):
ನಮ್ಮ ಗ್ಯಾಂಗಲ್ಲಿ ಇದು ಇನ್ನೊಂದು ಥರ. ಪರೀಕ್ಷೆ ದಿನ ಎಲ್ಲರದ್ದೂ ಒಂದೇ ಮಾತು, "ಏನೂ ಓದಿಲ್ಲ ಕಣೋ." ರಿಸಲ್ಟ್ ಬಂದರೆ ಎಲ್ಲರಿಗೂ ಒಳ್ಳೇ ಮಾರ್ಕ್ಸು. ರಾತ್ರಿಯೆಲ್ಲ ಓದಿ ಅಷ್ಟೇ ಮಾರ್ಕ್ಸ್ ತಗೊಂಡ ನಾನೊಬ್ಬನೇ ದಡ್ಡ ಅನ್ನಿಸುತ್ತಿತ್ತು. ಹಾಸ್ಟೆಲ್ ರೂಮ್ ಹಂಚಿಕೊಂಡ ಮೇಲೆ ಗೊತ್ತಾಯ್ತು, ಎಲ್ಲರ ಲೈಟೂ ಎರಡು ಗಂಟೆವರೆಗೆ ಉರೀತಿತ್ತು.

ಪ್ರಶ್ನೆ ಕೇಳಿದವರು:
ಪಕ್ಕದಲ್ಲಿ ಕೂರೋ ಹುಡುಗಿ ಮಾತ್ರ ನಗಲ್ಲವಂತೆ. ಒಟ್ಟಿಗೆ ಲೆಕ್ಕ ಮಾಡಿ ಅಂತ ಅವಳನ್ನ ಮನೆಗೆ ಕರೆಯಲಾ?

ಗಣಿತದ ಟೀಚರ್:
ನೀವಲ್ಲ, ಮಗಳೇ ಕರೀಲಿ. ಅವರು ಕೂತಾಗ ನೀವು ಆ ರೂಮಿನ ಕಡೆ ಜಾಸ್ತಿ ಹೋಗಬೇಡಿ.